ಕೊಟ್ಟಿಗೆಯಲ್ಲಿ ನಾಲ್ಕು ಡಿಗ್ರಿ

ಚೌಳಹಿರಿಯೂರು
೮ ಜೂನ್ ೨೦೨೫

ಜಯದೇವನಿಗೆ,

ಕ್ಷೇಮ ಕೇಳುವ ಬಳಕೆ ನಮ್ಮಿಬ್ಬರ ನಡುವೆ ಹನ್ನೊಂದು ವರ್ಷದಿಂದ ಇಲ್ಲ. ಹಾಗಾಗಿ ಅದನ್ನು ಬಿಟ್ಟು ನೇರ ಕೆಲಸದ ವಿಷಯಕ್ಕೆ ಬರುತ್ತೇನೆ. ನಿನ್ನ ಜೊತೆ ಇನ್ನು ಮಾತಾಡುವುದಿಲ್ಲ ಎಂದು ಕೊರಳಿನ ಲಿಂಗ ಹಿಡಿದು ಊರ ಮುಂದೆ ಆಣೆ ಇಟ್ಟವಳು ನಾನು. ಬರೆಯುವುದಿಲ್ಲ ಎಂದು ಇಟ್ಟಿಲ್ಲ. ನಿನ್ನ ಅಕ್ಕನಿಗೆ ಇಷ್ಟು ಕಾನೂನು ಗೊತ್ತಿದೆ. ಫೋನ್ ಮಾಡಬೇಡ, ಎತ್ತುವುದಿಲ್ಲ.

ವಿಷಯ ಇದು. ಮಗಳು ತನುಜಾ ಗಂಡನ ಜೊತೆ ನಾಗಪುರ ಬಿಟ್ಟು ಬಂದು ಹೂವಿನ ವ್ಯಾಪಾರಕ್ಕೆ ಇಳಿದು ನಾಲ್ಕು ವರ್ಷವಾಯಿತು. ನಮ್ಮ ಹೊಲದ ಸೇವಂತಿಗೆಯ ಜೊತೆಗೆ ಸುತ್ತಲಿನ ಹಳ್ಳಿಗಳದ್ದೂ ಸೇರಿಸಿ ಕಡೂರಿನ ಅಂಗಡಿಗಳಿಗೆ ಹಾಕುತ್ತಾಳೆ. ಹೋದ ವರ್ಷ ಆಯುಧಪೂಜೆಗೆ ನಾಲ್ಕು ದಿನ ಮುಂಚೆ ಹೂವು ಕೇಳುವವರಿಲ್ಲ, ಹಬ್ಬದ ದಿನ ಕೇಳಿದವರಿಗೆ ಹೂವಿಲ್ಲ. ಬಾಡಿದ್ದನ್ನೆಲ್ಲಾ ತಿಪ್ಪೆಗೆ ಸುರಿದು ಬಂದು, ಕೈ ತೊಳೆದು ಊಟಕ್ಕೆ ಕೂತಳು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ನಾಲ್ಕು ಡಿಗ್ರಿಯಲ್ಲಿಟ್ಟರೆ ಸೇವಂತಿಗೆ ವಾರಕ್ಕೂ ಹೆಚ್ಚು ತಾಳುತ್ತದಂತೆ. ಕಂಪನಿಯವರು ಕಟ್ಟಿಕೊಡುವ ಕೋಲ್ಡ್ ಸ್ಟೋರೇಜು ನಮ್ಮ ಅಳತೆಯದಲ್ಲ. "ನಾವೇ ಕಟ್ಟಣ ಬಿಡೇ" ಎಂದು ನಾನು ಬಾಯಿ ಹಾಕಿಬಿಟ್ಟೆ. ಅಂದಿನಿಂದ ಕೂತಲ್ಲಿ ಕೂರಲಾರೆ. ದನ ಮಾರಿದ ಮೇಲೆ ಕೊಟ್ಟಿಗೆ ಖಾಲಿ ಬಿದ್ದಿದೆ. ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಇಟ್ಟಿಗೆ ಗೋಡೆ, ಮೇಲೆ ಹೆಂಚು. ಎ.ಸಿ.ಯೊಂದನ್ನು ತನುಜಾ ತಂದಿಟ್ಟಿದ್ದಾಳೆ. ಅದು ಹದಿನಾರಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂದು ಹಠ ಹಿಡಿದು ಕೂತಿದೆ.

ನೀನು ಡ್ಯಾಮಿನ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಕೈ ಕಪ್ಪು ಮಾಡಿಕೊಂಡವನು. ಲಕ್ಕವಳ್ಳಿಯ ಫ್ರಿಜ್ಜುಗಳೆಲ್ಲಾ ನಿನ್ನ ಕೈಯಲ್ಲೇ ಬದುಕಿವೆ ಎಂದು ಕೇಳಿದ್ದೇನೆ. ನವರಾತ್ರಿಯೊಳಗೆ ಈ ಕೊಟ್ಟಿಗೆ ತಣ್ಣಗಾಗಬೇಕು. ಬಂದು ನೋಡು. ನಾನು ಮಾತಾಡುವುದಿಲ್ಲ, ಊಟ ಹಾಕುತ್ತೇನೆ.

ನಾನು ಬರೆದದ್ದು ತನುಜಾಗೆ ಗೊತ್ತಿಲ್ಲ. ಅಪ್ಪನ ಮುಖ ನೋಡಲು ಬಿಡದ ಮಾವ ಎಂದೇ ಅವಳು ಈಗಲೂ ನಿನ್ನನ್ನು ಅನ್ನುವುದು.

ತೀರ್ಥಮ್ಮ


ಲಕ್ಕವಳ್ಳಿ
೧೫ ಜೂನ್ ೨೦೨೫

ಅಕ್ಕನಿಗೆ ನಮಸ್ಕಾರ.

ಕವರಿನ ಮೇಲಿನ ಅಕ್ಷರ ನೋಡಿಯೇ ನಿನ್ನದೆಂದು ತಿಳಿಯಿತು. ಒಡೆಯಲು ಎರಡು ದಿನ ಹಿಡಿಯಿತು. ಬೈಗುಳ ಇರುತ್ತದೆ ಎಂದುಕೊಂಡಿದ್ದೆ, ಕೊಟ್ಟಿಗೆಯ ಅಳತೆ ಇತ್ತು.

ನಾನು ಬರುವುದು ಬೇಡ. ತನುಜಾ ಓಡಾಡುವ ಮನೆಗೆ ಯಾವ ಮುಖ ಹೊತ್ತು ಬರಲಿ? ನಿನಗೆ ಬೇಕಾದ್ದನ್ನು ಬರೆದು ಕಳಿಸುತ್ತೇನೆ. ನಿವೃತ್ತಿಯಾಗಿ ಒಂದು ವರ್ಷ, ಮಾಡಲು ಬೇರೆ ಕೆಲಸವೂ ಇಲ್ಲ. ದಿನಕ್ಕೆ ಮೂರು ಸಲ ಡ್ಯಾಮಿನವರೆಗೆ ಹೋಗಿ ಬರುತ್ತೇನೆ. ಅಲ್ಲಿ ಹೊಸ ಹುಡುಗರು ನನ್ನನ್ನು ನೋಡಿ "ಏನ್ ಸಾರ್, ಏನಾರ ಮರ್ತ್ರಾ?" ಅಂತಾರೆ.

ತಣ್ಣಗೆ ಮಾಡುವ ಕೆಲಸ ಎ.ಸಿ.ಯದು, ಅದನ್ನು ಆಮೇಲೆ ನೋಡೋಣ. ಮೊದಲು ಹೊರಗಿನ ಬಿಸಿ ಒಳಗೆ ಬಾರದಂತೆ ಮಾಡಬೇಕು. ಇಟ್ಟಿಗೆ ಗೋಡೆಯಿಂದ ಮುಕ್ಕಾಲು ಅಡಿ ಒಳಕ್ಕೆ ಮರದ ಚೌಕಟ್ಟು ನಿಲ್ಲಿಸಿ ಪ್ಲೈವುಡ್ ಹೊಡೆಸು. ಆ ಸಂದಿಗೆ ಚೆನ್ನಾಗಿ ಒಣಗಿದ ಭತ್ತದ ಹೊಟ್ಟು ತುಂಬಿಸು. ಇಲ್ಲಿಯ ಗಿರಣಿಯಲ್ಲಿ ಬೇಕಾದಷ್ಟಿದೆ, ಲಾರಿಯವರಿಗೆ ಹೇಳಿ ಕಳಿಸುತ್ತೇನೆ. ಸ್ವಲ್ಪ ಸ್ವಲ್ಪವೇ ಸುರಿದು ಕೋಲಿನಿಂದ ಕುಟ್ಟಬೇಕು, ಇಲ್ಲದಿದ್ದರೆ ಆರು ತಿಂಗಳಿಗೆ ಕುಸಿದು ಮೇಲೆ ಖಾಲಿಯಾಗುತ್ತದೆ. ಹೊಟ್ಟು ತೇವ ಕುಡಿಯದಂತೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಕಿಸು. ಮೇಲೆ ಹೆಂಚಿಗೆ ಅಂಟದಂತೆ ಬೇರೆ ಚಾವಣಿ, ಅದಕ್ಕೆ ಥರ್ಮೋಕೋಲ್ ಎರಡು ಪದರ. ಒಂದು ಪದರದ ಕೂಡುಗೆರೆ ಇನ್ನೊಂದರ ಕೂಡುಗೆರೆಯ ಮೇಲೆ ಬರಬಾರದು. ನೆಲವನ್ನು ಎಲ್ಲರೂ ಮರೆಯುತ್ತಾರೆ, ನೀನು ಮರೆಯಬೇಡ. ನೆಲಕ್ಕೂ ಥರ್ಮೋಕೋಲ್ ಹಾಸಿ ಮೇಲೆ ಕಾಂಕ್ರೀಟು ಎಳೆಸು.

ತನುಜಾಗೆ ನಾನು ಹೇಳಿದ್ದೆಂದು ಹೇಳಬೇಡ. ಪೇಪರಿನಲ್ಲಿ ಬಂದಿತ್ತು ಅನ್ನು.

ನಿನ್ನ ತಮ್ಮ,
ಜಯದೇವಪ್ಪ


ಚೌಳಹಿರಿಯೂರು
೯ ಜುಲೈ ೨೦೨೫

ಜಯದೇವನಿಗೆ,

ಪೇಪರಿನಲ್ಲಿ ಬಂದಿತ್ತು ಅಂದೆ. "ಯಾವ್ ಪೇಪರಮ್ಮಾ, ನೆಲುಕ್ ಥರ್ಮೋಕೋಲ್ ಹಾಕು ಅಂತ ಬರ್ಯೋದು?" ಅಂದಳು. ಸದ್ಯ, ಅಷ್ಟಕ್ಕೇ ಬಿಟ್ಟಳು.

ಕೆಲಸ ಶುರುವಾಗಿದೆ. ಗಾರೆ ಕೆಲಸದ ತಿಪ್ಪೇಶ್ ಬರುತ್ತಾನೆ. ಅವನ ತಾಯಿ ಭಾಗಮ್ಮ ನಮ್ಮ ಹೊಲದಲ್ಲಿ ಹೂವು ಬಿಡಿಸುವವಳು, ನನ್ನ ಓರಗೆಯವಳು. ನನ್ನ ಮದುವೆಯಾದ ವರ್ಷವೇ ಅವಳೂ ಮದುವೆಯಾಗಿ ಈ ಊರಿಗೆ ಬಂದವಳು. ಅವರ ಮನೆಯಲ್ಲಿ ಈಗ ದೇವರ ಗೂಡಿನ ಪಕ್ಕ ಬುದ್ಧನ ಪಟ ಇದೆ. ಮಗಳು ಮಾಯಾ ನರ್ಸ್ ಓದಿ ಜೈಪುರದ ಆಸ್ಪತ್ರೆಯಲ್ಲಿದ್ದಾಳೆ. ಅವಳ ಫೋಟೋ ಕೂಡ ಆ ಗೋಡೆಯ ಮೇಲೇ ಇದೆಯಂತೆ. ತಿಪ್ಪೇಶ್ ಹೇಳಿದ್ದು, ನಾನು ಆ ಮನೆಯ ಒಳಗೆ ಹೋಗಿ ನೋಡಿದವಳಲ್ಲ.

ಭಾಗಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಹೊಟ್ಟು ತುಂಬುವುದನ್ನು ನೋಡಿ, "ಅಲ್ಲಾ ಅಮ್ಮಾರೆ, ಹೊಟ್ಟು ಬೆಚ್ಗಿಡೋದಲ್ವಾ? ಕೋಳಿ ಕಾವಿಗ್ ಕೂರ್ಸೋವಾಗ ಹಾಕ್ತೀವಲ್ಲ. ಅದೆಂಗೆ ಹೂವ ತಣ್ಗಿಡ್ತದೆ?" ಅಂದಳು. ನನಗೂ ಒಂದು ಗಳಿಗೆ ಗಾಬರಿಯಾಯಿತು. ಆಮೇಲೆ, ಬೆಚ್ಚಗಿರುವುದು ಆಚೆ ಹೋಗದಂತೆ ತಡೆಯುವ ಹೊಟ್ಟು ಬಿಸಿಯನ್ನೂ ಒಳಗೆ ಬಾರದಂತೆ ತಡೆಯುತ್ತದೆ ಎಂದು ತಿಳಿದಂತೆ ಹೇಳಿದೆ. ಅವಳು ನಂಬಿದ ಹಾಗೆ ಕಾಣಲಿಲ್ಲ.

ಪ್ಲಾಸ್ಟಿಕ್ ಹಾಳೆಯನ್ನು ಒಳಗಡೆ, ಪ್ಲೈವುಡ್ಡಿನ ಹಿಂದೆಯೇ ಹೊಡೆಸಿದ್ದೇನೆ. ನಮ್ಮ ಅಜ್ಜ ನೆಲದೊಳಗಿನ ಹಗೇವಿನಲ್ಲಿ ರಾಗಿ ತುಂಬುವಾಗ ಹುಲ್ಲನ್ನು ಕಾಳಿನ ಮಗ್ಗುಲಿಗೇ ಹಾಸುತ್ತಿದ್ದದ್ದು ನಿನಗೂ ನೆನಪಿರಬೇಕು. ಕಾಪಾಡಬೇಕಾದ್ದು ಯಾವುದೋ ಅದರ ಪಕ್ಕಕ್ಕೇ ತಾನೇ ಹಾಸುವುದು. ಈ ಒಂದು ವಿಷಯದಲ್ಲಿ ನಿನ್ನನ್ನು ಕೇಳುವ ಅಗತ್ಯ ಬೀಳಲಿಲ್ಲ.

ಆದರೆ ಬೇರೆ ಒಂದು ಕೇಳಬೇಕು. ಆವತ್ತು ನಮ್ಮ ಯಜಮಾನರು ಮಧ್ಯಾಹ್ನ ತೀರಿಕೊಂಡರು, ಮಾರನೇ ದಿನ ಸಂಜೆ ನಾಲ್ಕಕ್ಕೆ ನೀನು ಮಣ್ಣು ಮಾಡಿಸಿಬಿಟ್ಟೆ. ತನುಜಾ ಏಳಕ್ಕೆ ಬಂದಳು. ಮೇ ತಿಂಗಳ ಬಿಸಿಲು, ರೈಲು ಎಷ್ಟು ತಡವೋ ಗೊತ್ತಿಲ್ಲ, ಹೆಣ ತಾಳುವುದಿಲ್ಲ ಎಂದು ಹಿರಿಯರನ್ನೆಲ್ಲಾ ಒಪ್ಪಿಸಿದವನು ನೀನು. ತಣ್ಣಗಿಡುವ ವಿದ್ಯೆ ಇಷ್ಟು ಬಲ್ಲವನು ನೀನು ಒಂದು ದಿನದ ಮಟ್ಟಿಗೆ ಐಸ್ ಹುಡುಕಿದೆಯಾ? ಹುಡುಕಿದೆಯಾ ಇಲ್ಲವಾ, ಅಷ್ಟು ಬರೆ.

ತೀರ್ಥಮ್ಮ


ಲಕ್ಕವಳ್ಳಿ
೧೭ ಜುಲೈ ೨೦೨೫

ಅಕ್ಕ,

ಈ ಪತ್ರದ ಜೊತೆ ಪಾರ್ಸೆಲ್ಲಿನಲ್ಲಿ ಒಂದು ಚಿಕ್ಕ ಡಬ್ಬಿ ಇದೆ. ಎ.ಸಿ.ಯ ಒಳಗೆ ಕೋಣೆಯ ಬಿಸಿ ಎಷ್ಟೆಂದು ನೋಡುವ ಕಡಲೆಕಾಳಿನಷ್ಟು ಸೆನ್ಸರ್ ಇರುತ್ತದೆ. ಡಬ್ಬಿಯಿಂದ ಬರುವ ಕೆಂಪು ವೈರಿನ ತುದಿಯಲ್ಲಿರುವುದು ಹೀಟರ್. ಅದನ್ನು ಸೆನ್ಸರಿಗೆ ಸೇರಿಸಿ ಕಟ್ಟಿದರೆ ಕೋಣೆ ಇನ್ನೂ ಬಿಸಿಯಾಗಿದೆ ಎಂದು ಎ.ಸಿ. ನಂಬಿ ಓಡುತ್ತಲೇ ಇರುತ್ತದೆ. ಕಪ್ಪು ವೈರನ್ನು ಎ.ಸಿ.ಯೊಳಗಿನ ತೆಳು ತಗಡಿನ ಪದರಗಳ ನಡುವೆ ಸಿಕ್ಕಿಸಿ. ಅಲ್ಲಿ ಐಸ್ ಕಟ್ಟಲು ಶುರುವಾದರೆ ಅದು ಹೀಟರನ್ನು ನಿಲ್ಲಿಸುತ್ತದೆ.

ಬಾಗಿಲಿನ ಸುತ್ತ ರಬ್ಬರ್ ಪಟ್ಟಿ ಅಂಟಿಸಿ. ಊದುಬತ್ತಿ ಹಚ್ಚಿ ಬಾಗಿಲ ಸಂದಿಯ ಉದ್ದಕ್ಕೂ ಹಿಡಿದರೆ ಎಲ್ಲಿ ಗಾಳಿ ಎಳೆಯುತ್ತದೆ ಎಂದು ಹೊಗೆಯೇ ತೋರಿಸುತ್ತದೆ. ಒಳಗಿನಿಂದಲೂ ತೆಗೆಯುವಂಥ ಚಿಲಕ ಹಾಕಿಸುವುದನ್ನು ಮಾತ್ರ ತಪ್ಪಿಸಬೇಡಿ.

ನಿನ್ನ ಪ್ರಶ್ನೆಗೆ ಉತ್ತರ ಬರೆಯಲು ಕೂತು ಮೂರು ಸಲ ಹಾಳೆ ಹರಿದೆ. ಐಸ್ ಸಿಕ್ಕಲಿಲ್ಲ ಎಂದು ಆವತ್ತು ಹೇಳಿದ್ದೆ. ಅದನ್ನೇ ಇಟ್ಟುಕೋ.

ಜಯದೇವಪ್ಪ


ಚೌಳಹಿರಿಯೂರು
೧೩ ಆಗಸ್ಟ್ ೨೦೨೫

ಜಯದೇವನಿಗೆ,

ನಿನ್ನ ಡಬ್ಬಿಯೂ ಸುಳ್ಳು, ನಿನ್ನ ಹೊಟ್ಟೂ ಸುಳ್ಳು. ಮೊದಲ ವಾರ ಎಂಟಕ್ಕೆ ಇಳಿಯಿತು, ತಿಪ್ಪೇಶ್ ಕುಣಿದಾಡಿದ. ಆಮೇಲೆ ಹತ್ತು, ಹನ್ನೊಂದು, ಈಗ ಹನ್ನೆರಡು. ಎ.ಸಿ. ಹಗಲೂ ರಾತ್ರಿ ಓಡುತ್ತದೆ, ಥರ್ಮಾಮೀಟರಿನ ಮುಳ್ಳು ಅಲ್ಲಾಡುವುದಿಲ್ಲ. ಗೋಡೆಯ ಬುಡದಲ್ಲಿ ನೀರು ಒಸರುತ್ತಿದೆ. ನೆನ್ನೆ ಒಂದು ಹಲಗೆ ಬಿಚ್ಚಿಸಿದರೆ ಹೊಟ್ಟು ಕಪ್ಪಾಗಿ ಮುದ್ದೆಯಾಗಿದೆ, ಬೂಸು ಹಿಡಿದ ವಾಸನೆ ಮನೆಯೆಲ್ಲಾ ತುಂಬಿದೆ. ನವಮಿಗೆ ಉಳಿದಿರುವುದು ಏಳು ವಾರ. ತನುಜಾ ಹತ್ತು ಅಂಗಡಿಗೆ ಹೂವು ಕೊಡುವುದಾಗಿ ಮಾತು ಕೊಟ್ಟಿದ್ದಾಳೆ.

ಇನ್ನೂ ಒಂದಿದೆ. ನಿನ್ನ ಪತ್ರಗಳು ಅವಳ ಕೈಗೆ ಸಿಕ್ಕಿದವು. ಬೇಳೆ ಡಬ್ಬಿಯ ಹಿಂದೆ ಇಟ್ಟಿದ್ದೆ. ಎಲ್ಲಾ ಓದಿ ನನ್ನ ಮುಂದೆ ಹಾಕಿ, "ಅಪ್ಪನ್ನ ಒಂದಿನ ಇಡಕ್ಕಾಗ್ದೋರು ನನ್ ಹೂವಾ ಇಟ್ಕೊಡ್ತಾರಾ?" ಅಂದಳು. ಉತ್ತರ ನಿನ್ನಲ್ಲಿ ಇದ್ದರೆ ಬಂದು ನೀನೇ ಹೇಳು.

ತೀರ್ಥಮ್ಮ


ಲಕ್ಕವಳ್ಳಿ
೧೮ ಆಗಸ್ಟ್ ೨೦೨೫

ಅಕ್ಕ,

ತಪ್ಪು ನನ್ನದು. ಹಾಳೆ ಹಾಕಿಸು ಎಂದು ಬರೆದೆ, ಯಾವ ಮಗ್ಗುಲಿಗೆ ಎಂದು ಬರೆಯಲಿಲ್ಲ. ಒಳಗಡೆ ಹೊಡೆಸಿದೆ ಎಂದು ನೀನು ಬರೆದಿದ್ದೆ. ಅದೇ ಪತ್ರದಲ್ಲಿ ನೀನು ಕೇಳಿದ ಬೇರೆ ಮಾತಿನಿಂದಾಗಿ ಆ ಸಾಲನ್ನು ನಾನು ಸರಿಯಾಗಿ ಓದಲೇ ಇಲ್ಲ.

ತೇವ ಯಾವಾಗಲೂ ಬಿಸಿಯ ಕಡೆಯಿಂದ ತಂಪಿನ ಕಡೆಗೆ ಹೋಗುತ್ತದೆ. ಹಗೇವಿನಲ್ಲಿ ಇಟ್ಟದ್ದು ಕಾಳು, ಇಲ್ಲಿ ಇಟ್ಟಿರುವುದು ತಂಪು. ಹೊರಗಿನ ಗಾಳಿಯ ತೇವ ಇಟ್ಟಿಗೆಯಲ್ಲಿ ನುಸುಳಿ, ಹೊಟ್ಟಿನಲ್ಲಿ ಹಾದು, ತಣ್ಣನೆಯ ಹಾಳೆಗೆ ತಾಗಿ ನೀರಾಗಿದೆ. ಹಾಳೆ ಇಟ್ಟಿಗೆಯ ಕಡೆ ಇರಬೇಕಿತ್ತು. ಹೊಟ್ಟನ್ನೆಲ್ಲಾ ತೆಗೆದು ಬಿಸಿಲಿಗೆ ಹಾಕಿಸು. ಹೊಸದನ್ನು ನಾನೇ ತರುತ್ತೇನೆ. ಗಣೇಶನ ಹಬ್ಬದ ಮಾರನೇ ದಿನ ಬರುತ್ತೇನೆ.

ಜಯದೇವಪ್ಪ


ಲಕ್ಕವಳ್ಳಿ
೬ ಸೆಪ್ಟೆಂಬರ್ ೨೦೨೫

ಅಕ್ಕ,

ನಾಲ್ಕು ದಿನ ನಿನ್ನ ಮನೆಯಲ್ಲಿದ್ದೆ. ನೀನು ಆಣೆ ತಪ್ಪಲಿಲ್ಲ. "ತಿಪ್ಪೇಶಾ, ಸುತ್ತಿಗೆ ಬೇಕಂತೇನೋ ಕೇಳು", "ತಿಪ್ಪೇಶಾ, ಅನ್ನ ಆರೋಗ್ತದೆ ಅಂತ ಹೇಳು". ಮೂರನೇ ದಿನ ಆ ಪುಣ್ಯಾತ್ಮ ಕರಣೆ ಕೆಳಗಿಟ್ಟು, "ಅಮ್ಮಾರೆ, ನಾನ್ ಗೋಡೆ ಕಟ್ಲೋ, ಇಲ್ಲ ನಿಮ್ಮಿಬ್ರು ಮಧ್ಯ ಓಡಾಡ್ಲೋ?" ಅಂದಾಗ ನೀನು ಸೆರಗು ಬಾಯಿಗೆ ಒತ್ತಿ ಒಳಗೆ ಹೋದೆ. ನಕ್ಕೆ ಎಂದು ನನಗೆ ಗೊತ್ತು. ಹೊರಡುವ ದಿನ ಮುಳ್ಳು ನಾಲ್ಕಕ್ಕೆ ಬಂದು ನಿಂತಿತು. ನೀನು ಒಳಗೆ ಹೋಗಿ ನಿಂತು, ನಡುಗುತ್ತಾ, ಆಚೆ ಬರಲು ಒಪ್ಪಲಿಲ್ಲ.

ತನುಜಾ ನಾಲ್ಕು ದಿನವೂ ಕಡೂರಿನಲ್ಲೇ ಉಳಿದಳು. ಬರಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ನಿನ್ನ ಮುಂದೆ ಹೇಳಲು ಬಾಯಿ ಬರಲಿಲ್ಲ.

ಆವತ್ತು ಐಸ್ ಸಿಕ್ಕಿತ್ತು.

ಭಾವ ತೀರಿಕೊಂಡರೆಂದು ತಿಳಿದ ಸಂಜೆ ಕಡೂರು, ಬೀರೂರು ಎಲ್ಲಾ ಕಡೆ ಫೋನ್ ಮಾಡಿದೆ. ಶವ ತಣ್ಣಗಿಡುವ ಫ್ರೀಜರ್ ಪೆಟ್ಟಿಗೆ ಆಗ ಇದ್ದದ್ದೇ ಒಂದು, ಅದು ಬೇರೆ ಊರಿಗೆ ಹೋಗಿತ್ತು. ಬೆಳಗ್ಗೆ ಇಲ್ಲಿ ಡ್ಯಾಮಿನ ಮೀನು ತುಂಬುವವರ ಹತ್ತಿರ ಹೋದೆ. ಐಸಿನ ಆರು ದೊಡ್ಡ ಗಡ್ಡೆ ಕೊಟ್ಟರು. ಪಾಪ, ದುಡ್ಡು ಕೂಡ ಮುಟ್ಟಲಿಲ್ಲ. ಗೂಡ್ಸ್ ಆಟೋದಲ್ಲಿ ಹೊಟ್ಟು ಹಾಸಿ, ಗೋಣಿ ಮುಚ್ಚಿ ಹೊರಟೆ. ಆ ಆರು ಗಡ್ಡೆ ಇದ್ದಿದ್ದರೆ ಮಾರನೇ ದಿನ ಬೆಳಗಿನವರೆಗೆ ಕಾಯಬಹುದಿತ್ತು. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ತರೀಕೆರೆಯಲ್ಲಿ ಗೋಣಿ ಸರಿಮಾಡಲು ಇಳಿದೆ. ಕರಗಿದ ನೀರು ಆಟೋದ ಹಿಂದೆ ತೊಟ್ಟಿಕ್ಕುತ್ತಿತ್ತು. ಎರಡು ಬೆಕ್ಕು ಬಂದು ಆ ನೀರು ನೆಕ್ಕುತ್ತಿದ್ದವು. ಬಗ್ಗಿ ಮೂಸಿದೆ. ಮೀನಿನ ವಾಸನೆ. ಅಂಗೈಯಲ್ಲಿ ಮೀನಿನ ಹುರುಪೆಯೊಂದು ಅಂಟಿತ್ತು. ಅಕ್ಕ, ನನ್ನ ಕಣ್ಣ ಮುಂದೆ ನಿಮ್ಮ ಪಡಸಾಲೆ ಬಂತು. ಭಾವನನ್ನು ವಿಭೂತಿ ಹಚ್ಚಿ ಕೂರಿಸಿರುತ್ತಾರೆ, ಮಠದ ಅಯ್ಯನವರು ಬಂದು ತಲೆಯ ಮೇಲೆ ಪಾದ ಇಡುತ್ತಾರೆ, ಈ ನೀರು ಅಲ್ಲೆಲ್ಲಾ ಹರಿಯುತ್ತದೆ. ಮೊಟ್ಟೆ ಕಂಡರೆ ಎದ್ದು ಹೋಗುತ್ತಿದ್ದ ಮನುಷ್ಯ. ಊರಿನವರು ಮೂಗು ಮುಚ್ಚಿಕೊಂಡು ನನ್ನನ್ನು ನೋಡುವುದು ಕಂಡಂತಾಯಿತು. ಊರಾಚೆ ಮೋರಿಯ ಹತ್ತಿರ ನಿಲ್ಲಿಸಿ ಆರೂ ಗಡ್ಡೆ ಕೆಳಗೆ ತಳ್ಳಿದೆ. ಕೈ ತೊಳೆದುಕೊಂಡು ಬಂದು ಸಿಕ್ಕಲಿಲ್ಲ ಎಂದೆ. ಸುಳ್ಳು ನಿಲ್ಲಬೇಕಲ್ಲ, ಅದಕ್ಕೆ ಅಷ್ಟು ಅವಸರ ಮಾಡಿದೆ.

ಏಳು ಗಂಟೆಗೆ ತನುಜಾ ಬಂದು ಗದ್ದುಗೆಯ ಹಸಿ ಮಣ್ಣಿನ ಮುಂದೆ ನಿಂತಾಗ ನಾನು ಬೇವಿನ ಮರದ ಹಿಂದೆ ಇದ್ದೆ. ಆಮೇಲೆ ನೀನು ಆಣೆ ಇಟ್ಟೆ. ನನಗೆ ಅದು ಒಳ್ಳೆಯದೇ ಆಯಿತು, ಹೇಳುವ ಕಷ್ಟ ತಪ್ಪಿತು.

ಜಯದೇವಪ್ಪ


ಚೌಳಹಿರಿಯೂರು
೧೦ ಸೆಪ್ಟೆಂಬರ್ ೨೦೨೫

ಓದಿದೆ. ತನುಜಾಗೂ ಓದಲು ಕೊಟ್ಟೆ. "ಮೀನಿನ್ ವಾಸ್ನೆ ಬಂದಿದ್ರೂ ನಾನ್ ಅಪ್ಪನ್ ಮುಖ ನೋಡ್ತಿದ್ದೆ" ಅಂದಳು. ನಾನೂ ಅದನ್ನೇ ಹೇಳುತ್ತೇನೆ.

ಹನ್ನೊಂದು ವರ್ಷ ನೀನು ಹುಡುಕಲಿಲ್ಲ ಎಂದು ಸಿಟ್ಟಿತ್ತು. ಸಿಕ್ಕಿದ್ದನ್ನು ಚೆಲ್ಲಿದೆ ಎಂದು ತಿಳಿದ ಮೇಲೆ ಆ ಸಿಟ್ಟೇ ಮೇಲಿತ್ತು ಅನ್ನಿಸುತ್ತಿದೆ. ಇನ್ನು ಬರೆಯಬೇಡ.

ತೀರ್ಥಮ್ಮ


ಲಕ್ಕವಳ್ಳಿ
೨೧ ಸೆಪ್ಟೆಂಬರ್ ೨೦೨೫

ಅಕ್ಕ,

ಬರೆಯಬೇಡ ಅಂದಿದ್ದೀಯ. ಇದನ್ನು ಪತ್ರ ಅಂದುಕೊಳ್ಳಬೇಡ, ಮೆಕ್ಯಾನಿಕ್ಕಿನ ಚೀಟಿ ಅಂದುಕೋ. ಹೂವು ತುಂಬುವ ಮುಂಚೆ ಒಂದು ದಿನ ಕೋಣೆಯನ್ನು ಖಾಲಿ ಓಡಿಸಿ. ಕ್ರೇಟುಗಳನ್ನು ಗೋಡೆಗೆ ಒತ್ತಿ ಇಡಬೇಡಿ, ಗಾಳಿ ಸುತ್ತಲಿ. ಪದೇ ಪದೇ ಬಾಗಿಲು ತೆಗೆಯಬೇಡಿ. ಮಧ್ಯಾಹ್ನ ಐದಕ್ಕೆ ಏರಿದರೆ ಗಾಬರಿ ಬೇಡ, ಏಳಕ್ಕೆ ಏರಿದರೆ ಫೋನ್ ಮಾಡಿ. ನೀನು ಬೇಡ, ತಿಪ್ಪೇಶ್ ಮಾಡಲಿ.

ಇಲ್ಲಿ ಕೂತರೆ ಆ ಕೋಣೆಯದೇ ಯೋಚನೆ. ಬೆಳಗ್ಗೆ ಎದ್ದು ಮೊದಲು ನಾಲ್ಕು ಇದೆಯೋ ಇಲ್ಲವೋ ಅಂದುಕೊಳ್ಳುತ್ತೇನೆ.

ಜಯದೇವಪ್ಪ


ಚೌಳಹಿರಿಯೂರು
೪ ಅಕ್ಟೋಬರ್ ೨೦೨೫

ಜಯದೇವ,

ಕೋಣೆ ನಾಲ್ಕರಲ್ಲೇ ಇತ್ತು. ಇಪ್ಪತ್ತೈದನೇ ತಾರೀಖಿನಿಂದ ತುಂಬಲು ಶುರುಮಾಡಿ ಇಪ್ಪತ್ತೆಂಟರ ಸಂಜೆಗೆ ಕಾಲಿಡಲು ಜಾಗವಿಲ್ಲದಂತೆ ಹೂವು ತುಂಬಿತ್ತು. ಹಳದಿ, ಬಿಳಿ ಎಲ್ಲಾ. ಮೊದಲ ದಿನ ಇಟ್ಟದ್ದನ್ನು ಮುಟ್ಟಿದರೆ ಆಗ ಬಿಡಿಸಿ ತಂದ ಹಾಗಿತ್ತು. ತನುಜಾ ದಿನಕ್ಕೊಮ್ಮೆ ಬಂದು ಬಾಗಿಲಿಗೆ ಕಿವಿ ಕೊಟ್ಟು ಎ.ಸಿ. ಸದ್ದು ಕೇಳಿ ಹೋಗುತ್ತಿದ್ದಳು.

ಇಪ್ಪತ್ತೊಂಬತ್ತನೇ ತಾರೀಖು ಸೋಮವಾರ ಬೆಳಗ್ಗೆ ಭಾಗಮ್ಮ ಹೋಗಿಬಿಟ್ಟಳು. ಹಿಂದಿನ ದಿನ ನಮ್ಮ ಹೊಲದಲ್ಲಿ ಸಂಜೆವರೆಗೆ ಹೂವು ಬಿಡಿಸಿದವಳು. ಬೆಳಗ್ಗೆ ಒಲೆ ಮುಂದೆ ಕೂತಿದ್ದ ಹಾಗೇ ಒರಗಿದಳಂತೆ. ನಾನು ಓಡಿ ಹೋದೆ. ಆ ಮನೆಯ ಒಳಗೆ ಮೊದಲ ಸಲ ಕಾಲಿಟ್ಟದ್ದು ಹಾಗೆ.

ಎಂಟು ಗಂಟೆಗೆ ತಿಪ್ಪೇಶ್ ನಮ್ಮ ಅಂಗಳಕ್ಕೆ ಬಂದ. ಜಗಲಿ ಹತ್ತಲಿಲ್ಲ. ತಲೆ ತಗ್ಗಿಸಿಕೊಂಡು, "ಅಮ್ಮಾರೆ, ಮಾಯಾ ಜೈಪುರ್‌ದಿಂದ ಹೊಂಟವಳೆ. ಬರೋದು ನಾಳೆ ಮಧ್ಯಾಹ್ನ ಆಗ್ತದೆ. ಕಡೂರಿನ್ ಪೆಟ್ಗೆ ಎರಡೂ ಆಚೆ ಹೋಗವಂತೆ. ಬೀರೂರಿಂದು ಕೆಟ್ಟದಂತೆ" ಅಂದ. ಅಷ್ಟೇ ಅಂದ. ಅವನೇ ಹಲಗೆ ಹೊಡೆದು, ಅವನೇ ಹೊಟ್ಟು ಕುಟ್ಟಿದ ಕೋಣೆ ಬೆನ್ನ ಹಿಂದೆ ಗುಂಯ್ ಅನ್ನುತ್ತಿತ್ತು. ಅದರ ಕಡೆ ತಿರುಗಿ ಕೂಡ ನೋಡಲಿಲ್ಲ.

ಜಯದೇವ, ನಾನು ಏನಂದೆ ಗೊತ್ತೇನೋ? "ಪೂಜೆ ಹೂವ ತುಂಬೈತಲ್ಲೋ ತಿಪ್ಪೇಶಾ" ಅಂದೆ.

ಹೂವು ಹಾಳಾಗುತ್ತದೆ ಎಂದು ಅಂದಿದ್ದರೂ ಒಂದು ಮಾತು. ನನ್ನ ತಲೆಯಲ್ಲಿ ಇದ್ದದ್ದು ಅದಲ್ಲ. ಅಲ್ಲಿ ಹೆಣ ಇಟ್ಟರೆ, ಅದೂ ಅವರ ಮನೆಯ ಹೆಣ, ನಾಳೆ ಆ ಕೋಣೆಯ ಹೂವನ್ನು ದೇವರಿಗೆ ಏರಿಸುವವರು ಯಾರು, ಜನ ಏನೆನ್ನುತ್ತಾರೆ, ಇದೇ ಬಂತು. ನಲವತ್ತೈದು ವರ್ಷ ಒಂದೇ ಸಾಲಿನಲ್ಲಿ ಹೂವು ಬಿಡಿಸಿದ ಹೆಂಗಸು. ಅವನು "ಹೌದಮ್ಮಾ" ಅಂದ. ತಿರುಗಿ ಹೊರಟ.

ತನುಜಾ ಒಳಗಿನಿಂದ ಕೇಳಿಸಿಕೊಂಡಿದ್ದಳು. ಬಂದವಳು ನನ್ನ ಮುಖವನ್ನೂ ನೋಡಲಿಲ್ಲ. ಕೋಣೆಯ ಬಾಗಿಲು ತೆಗೆದು ಎರಡು ಕ್ರೇಟ್ ಎಳೆದು ಅಂಗಳಕ್ಕೆ ಹಾಕಿದಳು. ಮತ್ತೆ ಎರಡು. ತಿಪ್ಪೇಶ್ ಓಡಿ ಬಂದು, "ಬ್ಯಾಡಕ್ಕಾ, ನೀವ್ ಅಂಗಡಿಯೋರ್ಗೆ ಮಾತ್ ಕೊಟ್ಟಿದೀರಿ" ಎಂದು ಕೈ ಹಿಡಿದರೆ, "ಬಿಡೋ, ಮಾಯಾ ಬರ್ಲಿ" ಅಂದಳು. ನಾನು ಕಂಬ ಹಿಡಿದು ನಿಂತಿದ್ದೆ. ಆಮೇಲೆ ನಾನೂ ಹೋಗಿ ಕ್ರೇಟಿನ ಇನ್ನೊಂದು ತುದಿ ಹಿಡಿದೆ. ಮೊದಲು ಹಿಡಿಯಲಿಲ್ಲ, ಆಮೇಲೆ ಹಿಡಿದೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ಭಾಗಮ್ಮನನ್ನು ಬೆಂಚಿನ ಮೇಲೆ ಮಲಗಿಸಿ ಒಳಗಿಟ್ಟೆವು. ಮಾರನೇ ದಿನ ಒಂದೂವರೆಗೆ ಮಾಯಾ ಬಂದಳು. ಬ್ಯಾಗನ್ನೂ ಇಳಿಸದೆ ಒಳಗೆ ಹೋದಳು. ಅವ್ವನ ಕೆನ್ನೆ ಮುಟ್ಟಿ, "ಅವ್ವಾ, ಎಷ್ಟ್ ತಣ್ಗಿದೀಯವ್ವಾ" ಎಂದು ಅವಳ ಮೇಲೆ ಬಿದ್ದು ಅತ್ತಳು. ನಾವು ಆಚೆ ಬಂದು ಬಾಗಿಲು ಮುಂದೆ ಮಾಡಿದೆವು. ಅರ್ಧ ಗಂಟೆ ತಾಯಿ ಮಗಳು ಇಬ್ಬರೇ ಇದ್ದರು. ತನುಜಾ ಬಾಗಿಲ ಪಕ್ಕ ಗೋಡೆಗೆ ಒರಗಿ ಕೂತು, ಸೆರಗನ್ನು ಬಾಯಿಗೆ ಕೂಡ ಅಡ್ಡ ಹಿಡಿಯದೆ, ಅಪ್ಪಾ ಅಪ್ಪಾ ಎಂದು ಅತ್ತಳು.

ಹೂವಿನಲ್ಲಿ ಅರ್ಧ ಬಾಡಿತು. ಉಳಿದದ್ದಕ್ಕೆ ಆರು ಅಂಗಡಿಯವರು ಸುದ್ದಿ ಕೇಳಿ ಬೇಡ ಎಂದರು, ನಾಲ್ವರು ತೆಗೆದುಕೊಂಡರು. ತನುಜಾ ಯಾರಿಗೂ ಮುಚ್ಚಿಡಲಿಲ್ಲ. ಕೋಣೆ ತೊಳೆಸಿದ್ದೇನೆ, ದೀಪಾವಳಿಗೆ ಮತ್ತೆ ತುಂಬುತ್ತಾಳಂತೆ. ಊರಿನಲ್ಲಿ ಒಂದಷ್ಟು ಜನ ನಮ್ಮ ಮನೆಯ ನೀರು ಮುಟ್ಟುತ್ತಿಲ್ಲ. ಮುಟ್ಟದಿದ್ದರೆ ಅವರಿಗೇ ಬಾಯಾರಿಕೆ.

ಈಗ ನಿನಗೆ ಬರೆಯಬೇಕಾದ್ದು. ಐದು ದಿನದಿಂದ ಮನೆಯಲ್ಲಿ ಅತ್ತಿಂದಿತ್ತ ಓಡಾಡುತ್ತಾ ಯೋಚಿಸಿದ್ದೇನೆ. ನೀನು ಆವತ್ತು ತರೀಕೆರೆಯಲ್ಲಿ ನಿಲ್ಲದೆ ಆ ಐಸ್ ತಂದಿದ್ದರೆ, ಆಟೋ ನಮ್ಮ ಅಂಗಳಕ್ಕೆ ಬಂದಿದ್ದರೆ, ಅಡ್ಡ ನಿಲ್ಲುತ್ತಿದ್ದವಳು ನಾನೇ. ಊರಿನವರಲ್ಲ, ಅಯ್ಯನವರಲ್ಲ. ಮೀನು ಮುಟ್ಟಿದ್ದನ್ನು ನಮ್ಮ ಯಜಮಾನರಿಗೆ ಮುಟ್ಟಿಸುತ್ತೀಯಾ ಎಂದು ನಿನ್ನ ಕೆನ್ನೆಗೆ ಹೊಡೆದು ವಾಪಸ್ ಕಳಿಸುತ್ತಿದ್ದೆ. ನಾಲ್ಕು ಗಂಟೆಗೇ ಮಣ್ಣು ಮಾಡಿಸುತ್ತಿದ್ದೆ. ನನ್ನ ಕೆಲಸವನ್ನು ನೀನು ಮೋರಿಯ ಹತ್ತಿರ ಮಾಡಿ ಮುಗಿಸಿದೆ, ನಾನು ಹನ್ನೊಂದು ವರ್ಷ ನಿನ್ನನ್ನು ಬೈದುಕೊಂಡು ಆರಾಮಾಗಿದ್ದೆ.

ಇದನ್ನು ತನುಜಾಗೆ ಇನ್ನೂ ಹೇಳಿಲ್ಲ. ಒಬ್ಬಳೇ ಹೇಳಲು ನನಗೆ ಭಯ. ನೀನು ಬಾ, ಇಬ್ಬರೂ ಅವಳ ಮುಂದೆ ಕೂತು ಹೇಳೋಣ.

ನಿನ್ನ ಅಕ್ಕ,
ತೀರ್ಥಮ್ಮ